ಇಂಜೆಕ್ಷನ್ನಿಗೆ ಅಮಾವಾಸ್ಯೆ ಲೆಕ್ಕ ಬೇಡ

(ಗುರುತು ಸಿಗದಂತೆ ವಿವರ ಬದಲಿಸಿದೆ.)

ಮದ್ದೂರು ಕಡೆಯ ಕಬ್ಬು ಬೆಳೆಗಾರರು, 67 ವರ್ಷ. ಪ್ರಾಸ್ಟೇಟ್ ಕ್ಯಾನ್ಸರ್ ಬೆನ್ನುಮೂಳೆಗೂ ಹರಡಿದೆ. ಮೈಸೂರಿನಲ್ಲಿ ಗೋಸೆರೆಲಿನ್ 3.6 ಮಿಲಿಗ್ರಾಂ ಇಂಜೆಕ್ಷನ್ ಶುರುವಾಗಿ ಐದು ತಿಂಗಳು. ಆಪ್ತಸಲಹೆಗೆ ಕರೆತಂದವರು ಹೆಂಡತಿ. "ರಾತ್ರಿ ಎದ್ದೆದ್ದು ಬೆವ್ರು ಒರೆಸ್ಕೊತಾರೆ, ಮಾತೆತ್ತಿದ್ರೆ ಸಿಡುಕ್ತಾರೆ. ನನ್ ಪಕ್ಕ ಮಲಗೋದೂ ಬಿಟ್ಟವ್ರೆ ಮೇಡಮ್." ಅವರು ತಲೆ ಎತ್ತದೆ ಟವೆಲಿನ ಅಂಚು ತಿರುಚುತ್ತ ಕೂತಿದ್ದರು.

ಇಬ್ಬರನ್ನೂ ಒಟ್ಟಿಗೆ ಕೂರಿಸಿ ವಿವರಿಸಿದೆವು. ಹೊಟ್ಟೆಯ ಚರ್ಮದಡಿ ಇಡುವ ಅಕ್ಕಿಕಾಳಿನಷ್ಟು ಮದ್ದು ನಿಧಾನವಾಗಿ ಕರಗುತ್ತ ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನಿನ ಉತ್ಪತ್ತಿಯನ್ನು ತಗ್ಗಿಸುತ್ತದೆ. ಗಡ್ಡೆ ಬೆಳೆಯುವುದು ಆ ಹಾರ್ಮೋನಿನಿಂದಲೇ. ಅದು ಇಳಿದರೆ ಮೈ ಕಾವೇರಿ ಬೆವರುವುದು, ಆಸೆ ಕುಗ್ಗುವುದು, ನಿಮಿರುವಿಕೆ ಇಲ್ಲವಾಗುವುದು, ಸಿಡುಕು, ಎಲ್ಲವೂ ಬರಬಹುದು. "ನಾನೇ ಬ್ಯಾಡವಾದ್ನೇನೋ ಅಂದ್ಕೊಂಡಿದ್ದೆ" ಎಂದು ಆಕೆ ಅತ್ತರು. ಮೊದಲ ಇಂಜೆಕ್ಷನ್ನಿಗೆ ಮುಂಚೆಯೇ ಗಂಡಹೆಂಡತಿ ಇಬ್ಬರಿಗೂ ಹೇಳಬೇಕಾದ ಮಾತಿದು.

ಆಮೇಲೆ ಬಾಯಿಬಿಟ್ಟದ್ದು ಇನ್ನೊಂದು ಸಂಗತಿ. ಒಂದು ಡೋಸನ್ನು ಹನ್ನೆರಡು ದಿನ ತಡಮಾಡಿದ್ದರು. ಕಬ್ಬು ಕಟಾವು ಎಂಬುದು ನೆಪ. ಮೊದಲ ಇಂಜೆಕ್ಷನ್ ಆದ ವಾರದಲ್ಲೇ ಬೆನ್ನುನೋವು ಹೆಚ್ಚಿ, "ಮದ್ದು ಒಗ್ಗಲಿಲ್ಲ" ಎನಿಸಿತ್ತು. ಈ ಮದ್ದು ಮೊದಲ ಒಂದೆರಡು ವಾರ ಟೆಸ್ಟೋಸ್ಟಿರಾನನ್ನು ಏರಿಸಿ ಆಮೇಲೆ ಇಳಿಸುತ್ತದೆ. ಆ ಏರಿಕೆಯ ತೊಂದರೆ ತಡೆಯಲೆಂದೇ ಬೈಕ್ಯಾಲುಟಮೈಡ್ 50 ಮಿಲಿಗ್ರಾಂ ಮಾತ್ರೆ ಬರೆದಿದ್ದರು. "ಇಂಜೆಕ್ಷನ್ ಇದ್ಮೇಲೆ ಮಾತ್ರೆ ಯಾಕೆ" ಎಂದು ಎರಡೇ ದಿನಕ್ಕೆ ಬಿಟ್ಟಿದ್ದರು.

ಉಳಿದ ಡೋಸುಗಳನ್ನೂ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಎಣಿಸುತ್ತಿದ್ದರು. ಮದ್ದಿನ ಲೆಕ್ಕ 28 ದಿನ. ಈ ಸಲ ಮಂಗಳವಾರ ಹಾಕಿಸಿದರೆ ಮುಂದಿನದು ಅಲ್ಲಿಂದ ನಾಲ್ಕನೇ ಮಂಗಳವಾರ. ತಡವಾದರೆ ಹಾರ್ಮೋನ್ ಮತ್ತೆ ಏರಬಹುದು. ರಕ್ತ ಪರೀಕ್ಷೆಯಲ್ಲಿ ಅದು ಡೆಸಿಲೀಟರಿಗೆ 50 ನ್ಯಾನೋಗ್ರಾಮಿಗಿಂತ ಕೆಳಗಿರಬೇಕು.

ಕೊಟ್ಟ ಸಲಹೆ: ಕಾಲು ಸೋತರೆ, ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಬೆಳಗಿನ ಬಸ್ಸಿಗೆ ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಬರಬೇಕು, ಬೆನ್ನುಹುರಿ ಒತ್ತಿಕೊಂಡಿರಬಹುದು. ಈ ಚಿಕಿತ್ಸೆಯಲ್ಲಿ ಮೂಳೆ ಸವೆಯುವುದರಿಂದ ಕ್ಯಾಲ್ಸಿಯಂ, ವಿಟಮಿನ್ ಡಿ ಬಗ್ಗೆ ಡಾಕ್ಟರನ್ನು ಕೇಳಬೇಕು. ರಾಗಿಮುದ್ದೆ ಒಳ್ಳೆಯದೇ, ಆದರೆ ಮಾತ್ರೆಯ ಜಾಗಕ್ಕೆ ಬರದು. ನಡಿಗೆ ಎಷ್ಟು ಎಂಬುದನ್ನೂ ಡಾಕ್ಟರೇ ಹೇಳಲಿ. ಸಕ್ಕರೆ ಪರೀಕ್ಷೆ ತಪ್ಪಿಸಬಾರದು.

ಪದೇಪದೇ ಬರಲಾಗದಿದ್ದರೆ 12 ವಾರಕ್ಕೊಮ್ಮೆ ಹಾಕುವ 10.8 ಮಿಲಿಗ್ರಾಮಿನದು ಇದೆ. ವೃಷಣ ತೆಗೆಯುವ ಶಸ್ತ್ರಚಿಕಿತ್ಸೆಯಿಂದಲೂ ಹಾರ್ಮೋನ್ ಇಳಿಯುತ್ತದೆ, ಇಂಜೆಕ್ಷನ್ ಖರ್ಚು ಉಳಿಯುತ್ತದೆ. ಮಾಡಿಸಿದ ಮೇಲೆ ಹಿಂದಕ್ಕೆ ಬರುವಂತಿಲ್ಲ. ಯೋಚಿಸಲು ಸಮಯ ಕೇಳಿದ್ದಾರೆ. ಅಲ್ಲಿಯವರೆಗಿನ ಮಂಗಳವಾರಗಳಿಗೆ ಹೆಂಡತಿಯೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುತ್ತಾರೆ.