ಚೀಟಿ ಆಮೇಲೆ, ಹೊಲಿಗೆ ಮೊದಲು

ಪತ್ರ: ನಾನು ಆಳಂದದಾಕಿ. ಮನೆಯಲ್ಲೇ ಬ್ಲೌಸು, ಸಾಲಿ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತೇನೆ. ತಿರುಪ್ಪೂರಿನಿಂದ ಸಾವಯವ ಹತ್ತಿಯ ಬಟ್ಟೆ ತರಿಸಿ, ಕುರ್ತಾ ಹೊಲಿದು, ‘ಪರಿಸರಸ್ನೇಹಿ’ ಎಂಬ ಚೀಟಿ ಹಚ್ಚಿ ಬೆಂಗಳೂರಿಗೆ ಮಾರುವ ವಿಚಾರವಿದೆ. ಸಾಲ ತೆಗೆಯಲೇ? ಇಲ್ಲಾ ಕಲಬುರಗಿಯ ಜವಳಿ ಪಾರ್ಕ್ ಬರುವತನಕ ಕಾಯಲೇ? – ಓದುಗರು, ಆಳಂದ

ಸಂಪಾದಕರ ಉತ್ತರ:

ಶರಣು ತಂಗಿ. ಪಾರ್ಕಿನ ಮಾತು ಮೊದಲು ಮುಗಿಸಿಬಿಡೋಣ. ಕೇಂದ್ರ ಸರ್ಕಾರದ ಜವಳಿ ಪಾರ್ಕುಗಳ ಪಿಎಂ ಮಿತ್ರ ಯೋಜನೆಗೆ 2023ರಲ್ಲಿ ಆಯ್ಕೆಯಾದ ಏಳು ಜಾಗಗಳಲ್ಲಿ ಕಲಬುರಗಿಯೂ ಒಂದು. ಸಾವಿರ ಎಕರೆಯ ಲೆಕ್ಕದ, ದೊಡ್ಡ ಕಂಪನಿಗಳ ವ್ಯವಹಾರ ಅದು. ಕಲಬುರಗಿಯ ಹಳೆಯ ಬಟ್ಟೆ ಗಿರಣಿ ಎಂ.ಎಸ್.ಕೆ. ಮಿಲ್ ಮುಚ್ಚಿ ದಶಕಗಳಾದರೂ ಆ ಹೆಸರು ಬಿಡದ ಊರು ನಮ್ಮದು. ಆಸೆ ಇರುವುದು ಸಹಜ. ಆದರೆ ನಿಮ್ಮ ಮಷಿನ್ನು ಅದಕ್ಕಾಗಿ ಕಾಯಬೇಕಿಲ್ಲ.

ನನ್ನ ತಕರಾರಿರುವುದು ಚೀಟಿಯ ಮೇಲೆ. ಪರಿಸರದ ಹೆಸರಿನ ಸುಳ್ಳು ಜಾಹೀರಾತು ತಡೆಯಲು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರಿನಲ್ಲಿ ಮಾರ್ಗಸೂಚಿ ಹೊರಡಿಸಿದೆ. ‘ಪರಿಸರಸ್ನೇಹಿ’, ‘ಹಸಿರು’ ಎಂಬಂಥ ಮಾತುಗಳನ್ನು ವಿವರಣೆ, ಪುರಾವೆ ಇಲ್ಲದೆ ಬಳಸುವಂತಿಲ್ಲ. ಸಾವಯವ ಎನ್ನುವುದಂತೂ ಇನ್ನೂ ಬಿಗಿ. ಸಾವಯವ ಬಟ್ಟೆಗೆಂದೇ ಇರುವ ಅಂತರರಾಷ್ಟ್ರೀಯ ಜಿಒಟಿಎಸ್ ಮುದ್ರೆ ಬೇಕೆಂದರೆ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗಿನಿಂದ ಹಿಡಿದು ಹೊಲಿಗೆಯವರೆಗೆ ಪ್ರತಿ ಘಟ್ಟಕ್ಕೂ ಪ್ರಮಾಣಪತ್ರವಿರಬೇಕು. ನೀವು ತರಿಸುವ ಥಾನಿಗೆ ಅದಿದ್ದರೂ ನಿಮ್ಮ ಪಡಸಾಲೆಗೆ ಇಲ್ಲ, ಹಾಗಾಗಿ ಕುರ್ತಾದ ಮೇಲೆ ಆ ಮುದ್ರೆ ಹಾಕುವಂತಿಲ್ಲ. ಬಟ್ಟೆ ಮಾರುವವರು ಇದನ್ನು ನಿಮಗೆ ಹೇಳಿರಲಿಕ್ಕಿಲ್ಲ. ಇನ್ನು ಹೊಲಿಯುವ ದಾರ? ಅಂಗಡಿಯಲ್ಲಿ ಸಿಗುವ ರೀಲು ಬಹುತೇಕ ಪಾಲಿಯೆಸ್ಟರಿನದು. ಗುಂಡಿ ಪ್ಲಾಸ್ಟಿಕ್ಕು. ಬೆಂಗಳೂರಿನ ಗಿರಾಕಿ ಇವನ್ನೇ ಕೇಳುತ್ತಾರೆ.

(ಯಾದಗಿರಿಯ ಶಹಾಪುರ, ಸುರಪುರದ ಕಡೆ ಕಣ್ಣು ಹಾಯುವಷ್ಟು ಹತ್ತಿ ಬೆಳೆಯುತ್ತದೆ. ಅದು ಬೇಲಾಗಿ ಊರು ಬಿಡುತ್ತದೆ. ನಾವು ಬಟ್ಟೆಯನ್ನು ತಮಿಳುನಾಡಿನಿಂದ ತರಿಸುತ್ತೇವೆ. ಇದು ನಿಮ್ಮ ತಪ್ಪಲ್ಲ, ಆದರೂ ಬರೆಯದೆ ಇರಲಾಗಲಿಲ್ಲ.)

ನಿಮ್ಮ ಪತ್ರದಲ್ಲಿ ನನಗೆ ಹಿಡಿಸಿದ್ದು ನೀವು ಒಂದೇ ಪದದಲ್ಲಿ ದಾಟಿಹೋದ ಯೂನಿಫಾರ್ಮು. ಜೂನ್ ತಿಂಗಳಲ್ಲಿ ನಮ್ಮ ಕಡೆಯ ತಾಯಂದಿರು ಟೇಲರಿಗೆ ಏನು ಹೇಳುತ್ತಾರೆ? ‘ಒಳಗ ಬಟ್ಟಿ ಬಿಟ್ಟು ಹೊಲೀರಿ, ಬರೋ ವರ್ಷಕ್ಕೂ ಆಗಬೇಕು.’ ಬದಿಗೆ ಒಂದಿಂಚು, ಕೆಳಮಡಿಕೆಗೆ ಎರಡಿಂಚು ಬಿಟ್ಟರೆ ಒಂದು ಅಂಗಿ ಎರಡು ವರ್ಷ ನಡೆಯುತ್ತದೆ. ಇನ್ನೊಂದು ಅಂಗಿಯ ಬಟ್ಟೆ, ಬಣ್ಣ, ನೀರು ಅಷ್ಟೂ ಉಳಿಯಿತು. ಒಂದು ಟಿ–ಶರ್ಟಿನ ಹತ್ತಿ ಬೆಳೆದು ಬಟ್ಟೆಯಾಗುವುದಕ್ಕೆ ಸುಮಾರು 2,700 ಲೀಟರ್ ನೀರು ಎಂಬ ಅಂದಾಜಿದೆ. ರೆಡಿಮೇಡಿನಲ್ಲಿ ಹೀಗೆ ಬಿಡುವುದಿಲ್ಲ, ಬಟ್ಟೆ ಖರ್ಚಾಗುತ್ತದೆಂದು. ನೀವು ಬಿಡಬಹುದು. ಎರಡನೇ ವರ್ಷ ಬಿಚ್ಚಿ ಉದ್ದ ಮಾಡಿಕೊಡುವ ಕೂಲಿಯನ್ನು ಮೊದಲೇ ದರದಲ್ಲಿ ಸೇರಿಸಿ, ರಸೀತಿಯ ಮೇಲೆ ಬರೆದುಕೊಡಿ. ಕುರ್ತಾ ಹೊಲಿದರೂ ಇದೇ ಕ್ರಮ ಇರಲಿ. ಮುದ್ರೆ ಇಲ್ಲದೆಯೂ ಈ ಮಾತನ್ನು ನೀವು ಧೈರ್ಯವಾಗಿ ಹೇಳಬಹುದು, ಯಾರು ಬೇಕಾದರೂ ಅಂಗಿ ತಿರುವಿ ನೋಡಿಕೊಳ್ಳಬಹುದು.

ಕತ್ತರಿಸಿ ಉಳಿದ ಚಿಂದಿಯಿಂದ ಕೌದಿ ಮಾಡಬಹುದೆಂದು ಯಾರಾದರೂ ಸಲಹೆ ಕೊಟ್ಟೇ ಕೊಡುತ್ತಾರೆ. ಮಾಡಿ, ಬೇಡವೆನ್ನುವುದಿಲ್ಲ. ಆದರೆ ಯೂನಿಫಾರ್ಮಿನ ಚಿಂದಿಯಲ್ಲಿ ಪಾಲಿಯೆಸ್ಟರ್ ಬೆರಕೆಯೇ ಹೆಚ್ಚು, ಬೇಸಿಗೆಯಲ್ಲಿ ಹೊದೆಯಲು ಒಗ್ಗದು. ಕೌದಿಗೆ ಹಳೆಯ ನೂಲಿನ ಸೀರೆ, ಧೋತರವೇ ಸರಿ. ಓಣಿಯ ಮುದುಕಿಯರನ್ನು ಕೂಡಿಸಿ ಹೊಲಿಸುವುದಾದರೆ ದಿನಗೂಲಿ ಲೆಕ್ಕ ಹಾಕಿ, ಕೌದಿಗಿಷ್ಟು ಎಂದು ಮಾತ್ರ ಬೇಡ. ಒಂದೊಂದೇ ಎಳೆಯ ಆ ಟಾಕುಗಳಿಗೆ ತಗಲುವ ಹೊತ್ತನ್ನು ಹಿಡಿದರೆ ಮಾರುವ ದರ ನಿಮ್ಮನ್ನೇ ಹೆದರಿಸೀತು. ಆ ದರಕ್ಕೆ ಗಿರಾಕಿ ಇಲ್ಲವೆಂದರೆ ಆ ವ್ಯಾಪಾರ ಬಿಡಿ. ಮುದುಕಿಯರ ಕೂಲಿ ಕಡಿದು ಭೂಮಿ ಉಳಿಸುವ ಉದ್ಯಮ ನನಗಂತೂ ಅರ್ಥವಾಗುವುದಿಲ್ಲ.

ಸಾಲದ ವಿಷಯ. ಸಣ್ಣ ಉದ್ಯಮ ಶುರುಮಾಡುವವರಿಗೆ ಬ್ಯಾಂಕ್ ಸಾಲದ ಜೊತೆ ಸಬ್ಸಿಡಿ ಕೊಡುವ ಕೇಂದ್ರದ ಯೋಜನೆ ಪಿಎಂಇಜಿಪಿಯಲ್ಲಿ ಮಹಿಳೆಯರಿಗೆ ಪಟ್ಟಣದಲ್ಲಿ ಶೇ 25, ಹಳ್ಳಿಯಲ್ಲಿ ಶೇ 35 ಸಬ್ಸಿಡಿ ಇದೆ. ನಿಮ್ಮ ಕೈಯಿಂದ ಶೇ 5 ಹಾಕಬೇಕು. ಹೊಸ ಘಟಕಕ್ಕೆ ಮಾತ್ರ ಸಿಗುತ್ತದೆ, ಆದ್ದರಿಂದ ಈಗಿನ ಹೊಲಿಗೆ ಕೆಲಸವನ್ನು ಅರ್ಜಿಯಲ್ಲಿ ಹೇಗೆ ತೋರಿಸಬೇಕೆಂದು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಮೊದಲೇ ಕೇಳಿಕೊಳ್ಳಿ. ಸಬ್ಸಿಡಿ ಹಣ ಕೈಗೆ ಬರುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿದ್ದು, ಘಟಕ ನಡೆಯುತ್ತಿದೆಯೆಂದು ಖಾತ್ರಿಯಾದ ಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಅಲ್ಲಿಯತನಕ ಕಂತು ನಿಮ್ಮ ಮಾರಾಟದಿಂದಲೇ ಹುಟ್ಟಬೇಕು. ಈ ಜೂನಿನ ಯೂನಿಫಾರ್ಮ್ ಸೀಜನ್ ಮುಗಿಸಿ, ಬಂದ ಲೆಕ್ಕ ಬರೆದಿಟ್ಟುಕೊಂಡು, ಆಮೇಲೆ ಬ್ಯಾಂಕಿಗೆ ಹೋಗಿ.