ಡಿಪಿಎಫ್ ದೀಪ ಪದೇ ಪದೇ ಬರುತ್ತಿದ್ದರೆ

ತುಮಕೂರಿನ ಎಸ್‌ಎಸ್ ಪುರಂನಿಂದ ಅಂಗಡಿಗೆ ದಿನಾ 3 ಕಿ.ಮೀ. ಓಡಾಟ, ಡೀಸೆಲ್ ಗಾಡಿಯ ಡಿಪಿಎಫ್ (ಹೊಗೆಯಲ್ಲಿನ ಮಸಿ ಹಿಡಿಯುವ ಫಿಲ್ಟರ್) ದೀಪ ಪದೇ ಪದೇ ಬರುತ್ತಿದೆ, ಫಿಲ್ಟರನ್ನೇ ತೆಗೆಸಿಬಿಡಲಾ ಅಂತ ಕೇಳಿದ್ದೀರಿ. ಬೇಡ ಸಾರ್. ಬಿಎಸ್6 (ಹೊಗೆ ಮಿತಿಯ ಸರ್ಕಾರಿ ಮಾನದಂಡ) ಗಾಡಿಯಲ್ಲಿ ಅದನ್ನು ಕಿತ್ತು ಓಡಿಸುವುದು ಕಾನೂನಿಗೆ ವಿರುದ್ಧ.

ಎಂಜಿನ್ ಬೆಚ್ಚಗಾಗುವಷ್ಟರಲ್ಲಿ ನಿಮ್ಮ ಅಂಗಡಿ ಬಂದಿರುತ್ತದೆ, ಅಲ್ವಾ? ಮಸಿ ಸುಟ್ಟುಹೋಗಲು ಫಿಲ್ಟರಿನಲ್ಲಿ ಸುಮಾರು 600 ಡಿಗ್ರಿ ಬಿಸಿ ಬೇಕು. ವಾರಕ್ಕೊಮ್ಮೆ ಶಿರಾ ಕಡೆ ಹೈವೇಗೆ ಬಿಡಿ. ಒಂದು ಗೇರ್ ಕಡಿಮೆ ಇಟ್ಟು, 2000 ಆರ್‌ಪಿಎಂ ಮೇಲೆ, 20-25 ನಿಮಿಷ. (ಪಕ್ಕದ ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿಗೆ ಹೋಗಿ ಬಂದರೆ ಸಾಲದು, ನಾನೂ ಹಾಗೆ ಮಾಡಿ ನೋಡಿದವನೇ.)

ನಿಂತಾಗ ಐಡಲ್ ಏರಿ, ಫ್ಯಾನ್ ಜೋರಾಗಿ ತಿರುಗಿ, ಸುಟ್ಟ ವಾಸನೆ ಬಂದರೆ ಗಾಡಿ ಮಸಿ ಸುಡುತ್ತಿದೆ ಅಂತ ಅರ್ಥ. ಆಗ ಆಫ್ ಮಾಡಬೇಡಿ, ಇನ್ನೊಂದು ಸುತ್ತು ಹಾಕಿ. ರಾಗಿ ಹುಲ್ಲಿನ ಮೇಲಂತೂ ನಿಲ್ಲಿಸಲೇಬೇಡಿ, ಆ ಬಿಸಿಗೆ ಹೊತ್ತಿಕೊಳ್ಳಬಹುದು.

ಆಯಿಲ್ ಕಡ್ಡಿಯನ್ನೂ ಎಳೆದು ನೋಡಿ. ಸುಡುವುದು ಪದೇ ಪದೇ ಅರ್ಧಕ್ಕೆ ನಿಂತರೆ ಎಂಜಿನ್ ಆಯಿಲ್‌ಗೆ ಡೀಸೆಲ್ ಇಳಿಯುತ್ತದೆ. ಮಟ್ಟ ಮೇಲಿನ ಗೆರೆ ದಾಟಿದ್ದರೆ ಆಯಿಲ್ ಬದಲಿಸಿ. ಮ್ಯಾನುಯಲ್‌ನಲ್ಲಿ ಹೇಳಿದ ಕಡಿಮೆ ಬೂದಿಯ ಆಯಿಲನ್ನೇ ಹಾಕಿಸಿ, ಬೂದಿ ಸುಡುವುದಿಲ್ಲ, ಒಳಗೇ ಉಳಿಯುತ್ತದೆ. ಇನ್ನು ದೀಪ ಮಿನುಗುತ್ತಾ ಗಾಡಿ ಎಳೆಯದೇ ಹೋದರೆ ಸುಮ್ನೆ ಹೈವೇ ಓಡಿಸಬೇಡಿ. ಸರ್ವಿಸ್ ಸೆಂಟರ್‌ನಲ್ಲಿ ಫೋರ್ಸ್ಡ್ ರೀಜನರೇಷನ್ (ಮಸಿಯನ್ನು ಅವರೇ ಸುಡಿಸುವುದು) ಮಾಡಿಸಿ.