ಬಂಟಿಯನ್ನು ಮೊದಲು ಗೇಟಿನ ಹತ್ತಿರದಿಂದ ಬಿಚ್ಚಿ

ಪ್ರಶ್ನೆ: ಅಣ್ಣಾರ, ನಾವು ಹುಬ್ಬಳ್ಳಿ ನವನಗರದಲ್ಲಿದ್ದೇವೆ. ನಮ್ಮ ಬಂಟಿಗೆ ಈಗ ಎರಡೂವರೆ ವರ್ಷ. ಓಣಿಯಲ್ಲಿ ಹುಟ್ಟಿದ ಮರಿ, ಮಳೆಯಲ್ಲಿ ನೆನೆಯುತ್ತಿತ್ತು ಅಂತ ಮಗ ಎತ್ತಿಕೊಂಡು ಬಂದ. ಮನೆಯವರ ಜೊತೆ ಬಹಳ ಪ್ರೀತಿ. ಆದರೆ ಬೆಳಿಗ್ಗೆ 6ಕ್ಕೆ ಹಾಲಿನವನು ಬಂದಾಗ ಬೊಗಳಲು ಶುರು ಮಾಡಿದರೆ ಕಸದ ಗಾಡಿ, ತರಕಾರಿ ಗಾಡಿ, ಕೊರಿಯರ್ ಹುಡುಗ, ಎದುರು ಮನೆ ಬೈಕು, ಯಾವುದನ್ನೂ ಬಿಡುವುದಿಲ್ಲ. ರಾತ್ರಿ ಓಣಿ ನಾಯಿಗಳ ಜೊತೆ ಮತ್ತೆ ಶುರು. ಪಕ್ಕದ ಮನೆಯಲ್ಲಿ ಪಿಯುಸಿ ಓದುವ ಹುಡುಗಿ ಇದ್ದಾಳೆ, ಅವರಪ್ಪ ಎರಡು ಸಲ ಬಂದು ಹೇಳಿ ಹೋದರು. ಗದರಿಸಿದೆವು, ನೀರು ಎರಚಿದೆವು, ಪೇಪರ್ ಸುರುಳಿಯಿಂದ ಏಟೂ ಕೊಟ್ಟೆವು. ಹಗಲು ಗೇಟಿನ ಪಕ್ಕದಲ್ಲೇ ಕಟ್ಟಿರುತ್ತೇವೆ. ಈಗ ಯಜಮಾನರು ಆನ್‌ಲೈನ್‌ನಲ್ಲಿ ಶಾಕ್ ಕೊಡುವ ಕಾಲರ್ ತರಿಸೋಣ ಅಂತಿದ್ದಾರೆ. ತರಿಸಬಹುದಾ?

ಉತ್ತರ: ಅಕ್ಕಾರ, ದಯವಿಟ್ಟು ತರಿಸಬೇಡಿ. ಹಾಲಿನವನು ಬಂದಾಗ ಕುತ್ತಿಗೆಗೆ ಶಾಕ್ ಹೊಡೆದರೆ "ನಾನು ಬೊಗಳಿದ್ದು ತಪ್ಪು" ಅಂತ ಬಂಟಿ ತಿಳಿಯುತ್ತಾನೆ ಅನ್ನುವ ಭರವಸೆ ಇಲ್ಲ. "ಈ ಮನುಷ್ಯ ಬಂದರೆ ನನಗೆ ನೋವಾಗುತ್ತದೆ" ಅಂತಲೂ ತಿಳಿಯಬಹುದು. ಹಾಗೆ ಹೆದರಿದ ನಾಯಿ ಒಂದು ದಿನ ಬೊಗಳದೇ ನೇರ ಬಾಯಿ ಹಾಕಬಹುದು. ಬೊಗಳುವುದು ಅದರ ಎಚ್ಚರಿಕೆ. ಆ ಎಚ್ಚರಿಕೆ ಮಾತ್ರ ಹೋಗಿ ಒಳಗಿನ ಹೆದರಿಕೆ ಹಾಗೇ ಉಳಿದರೆ ಅಪಾಯ ಜಾಸ್ತಿ, ಅಲ್ವಾ?

ಬಂಟಿಯ ಲೆಕ್ಕ ನೋಡಿ. ಹಾಲಿನವನು ಬಂದ, ಇವನು ಬೊಗಳಿದ, ಅವನು ಹೋದ. ಅವನಿಗೆ ಇನ್ನೂ ಹತ್ತು ಮನೆಗೆ ಹಾಲು ಹಾಕುವುದಿದೆ ಅಂತ ಇವನಿಗೇನು ಗೊತ್ತು? ತಾನೇ ಓಡಿಸಿದೆ ಅಂದುಕೊಳ್ಳುತ್ತಾನೆ. ಎರಡು ವರ್ಷ ಹಿಡಿದರೂ 700ಕ್ಕೂ ಹೆಚ್ಚು ಬೆಳಿಗ್ಗೆ ಹೀಗೆ ಗೆದ್ದಿದ್ದಾನೆ. ಇಷ್ಟು ಗೆದ್ದ ಆಟವನ್ನು ನಾವು ಒಳಗಿನಿಂದ "ಏ ಸುಮ್ನಿರೋ" ಅಂತ ಕೂಗಿದರೆ ಬಿಡುತ್ತಾನಾ? ನೀವೂ ಅವನ ಜೊತೆ ಸೇರಿ ಬೊಗಳುತ್ತಿದ್ದೀರಿ ಅಂತಲೇ ಅವನಿಗೆ ಕಾಣುತ್ತದೆ.

ಅದಕ್ಕೇ ಮೊದಲ ಕೆಲಸ, ಇವತ್ತೇ ಗೇಟಿನ ಹತ್ತಿರದಿಂದ ಬಿಚ್ಚಿ. ಕಟ್ಟಿದ ನಾಯಿ ಯಾರಾದರೂ ಬಂದರೆ ಹತ್ತಿರ ಹೋಗಿ ಮೂಸಿ ನೋಡುವಂತಿಲ್ಲ, ಹೆದರಿಕೆಯಾದರೆ ದೂರ ಹೋಗುವಂತೆಯೂ ಇಲ್ಲ. ಉಳಿದದ್ದು ಬಾಯಿ ಒಂದೇ. ಹಿತ್ತಲ ಕಡೆ ಅಥವಾ ಒಳಗೆ, ರಸ್ತೆ ಕಾಣದ ಜಾಗದಲ್ಲಿ ಇರಲಿ. ಗ್ರಿಲ್ ಗೇಟಾದರೆ ಅವನ ಕಣ್ಣಿನ ಎತ್ತರಕ್ಕಿಂತ ಸ್ವಲ್ಪ ಮೇಲಿನವರೆಗೆ ಹಸಿರು ನೆಟ್ ಅಥವಾ ಹಳೇ ಚಾದರ ಕಟ್ಟಿ. ಇಷ್ಟಕ್ಕೇ ಎಷ್ಟೋ ಮನೆಗಳಲ್ಲಿ ಬೊಗಳುವುದು ಕಡಿಮೆಯಾಗಿದ್ದು ನೋಡಿದ್ದೇನೆ. ಜೊತೆಗೆ ಹಾಲಿನವನು ಬರುವ ಮುಂಚೆ ಅರ್ಧ ಗಂಟೆ ಹೊರಗೆ ಕರೆದುಕೊಂಡು ಹೋಗಿ. ದರದರ ಎಳೆಯಬೇಡಿ, ಕಂಬ, ಗಿಡ, ಕಲ್ಲು ಎಲ್ಲ ಅವನಿಗೆ ಬೇಕಾದಷ್ಟು ಹೊತ್ತು ಮೂಸಲಿ. ಹಗಲೆಲ್ಲ ಬೇಸರದಲ್ಲಿ ಬಿದ್ದಿರುವ ನಾಯಿಗೆ ಬೊಗಳುವುದೇ ಒಂದು ಕೆಲಸವಾಗಿಬಿಡುತ್ತದೆ.

ಆಮೇಲೆ ಹಾಲಿನವನ ಪಾಠ. ಇದನ್ನು ಸರಿಯಾಗಿ ಮಾಡಬೇಕು. ಬೇಯಿಸಿದ ಮೊಟ್ಟೆ ಅಥವಾ ಉಪ್ಪು ಖಾರ ಹಾಕದ ಕೋಳಿ ಕಡಲೆಕಾಳಿನಷ್ಟು ಚೂರು ಮಾಡಿ ಇಟ್ಟುಕೊಳ್ಳಿ. ಮನೆಯಲ್ಲಿ ತಿನ್ನುವುದಿಲ್ಲ ಅಂದರೆ ಜೋಳದ ರೊಟ್ಟಿ ಚೂರೂ ನಡೆಯುತ್ತದೆ. ಆದರೆ ಉಳ್ಳಾಗಡ್ಡಿ ಹಾಕಿದ ಪಲ್ಯ ಮೆತ್ತಿದ್ದು ಬೇಡ, ಉಳ್ಳಾಗಡ್ಡಿ ನಾಯಿಯ ರಕ್ತಕ್ಕೆ ಕೆಟ್ಟದ್ದು. ಗೇಟಿನಿಂದ ದೂರ, ಒಳಗೆ ಕೂತುಕೊಳ್ಳಿ. ಹಾಲಿನವನ ಬೈಕು ಓಣಿ ತಿರುವಿನಲ್ಲಿ ಇರುವಾಗಲೇ ಬಂಟಿಯ ಕಿವಿ ಆ ಕಡೆ ತಿರುಗುತ್ತದೆ, ಬಾಯಿ ಮುಚ್ಚುತ್ತದೆ, ಮೈ ಬಿಗಿಯಾಗುತ್ತದೆ. ಆ ಕ್ಷಣ, ಬೊಗಳುವ ಮುಂಚೆ, ಒಂದು ಚೂರು ಬಾಯಿಗೆ. ಕ್ಯಾನು ಸದ್ದಾಯಿತು, ಇನ್ನೊಂದು. ಗೇಟು ಸದ್ದಾಯಿತು, ಇನ್ನೊಂದು. ಬೈಕು ಹೋಯಿತು, ಕೊಡುವುದು ಬಂದ್. ಮೊದಲು ಸದ್ದು, ಆಮೇಲೆ ತಿಂಡಿ. ಈ ಕ್ರಮ ತಪ್ಪಬಾರದು. ಪಾವ್ಲೋವ್ ನಾಯಿಗಳ ಜೊಲ್ಲಿನ ಪ್ರಯೋಗ ಶಾಲೆಯಲ್ಲಿ ಓದಿದ್ದು ನೆನಪಿರಬಹುದು, ಇಲ್ಲಿ ನಡೆಯುವುದೂ ಅದೇ. ಕೆಲವು ವಾರದಲ್ಲಿ ಬೈಕಿನ ಸದ್ದು ಕೇಳಿದರೆ ಗೇಟಿನ ಕಡೆ ಓಡುವ ಬದಲು ನಿಮ್ಮ ಮುಖ ನೋಡಲು ಶುರು ಮಾಡುತ್ತಾನೆ. ಚೂರು ಮೂಗಿನ ಮುಂದೆ ಹಿಡಿದರೂ ತಿನ್ನದೇ ಬೊಗಳುತ್ತಿದ್ದರೆ ಸದ್ದು ಅವನಿಗೆ ತೀರಾ ಹತ್ತಿರವಾಯಿತು ಅಂತ ಅರ್ಥ. ಹಿಂದಿನ ಕೋಣೆಗೆ ಹೋಗಿ. ಹಾಲಿನವನದು ಕಲಿತ ಮೇಲೆ ಕಸದ ಗಾಡಿ, ಅದಾದ ಮೇಲೆ ಕೊರಿಯರ್. ಎಲ್ಲ ಒಮ್ಮೆಗೇ ಬೇಡ.

ಇದರ ಜೊತೆ ಒಂದು ಮಾತು ಕಲಿಸಿ, "ಸಾಕು" ಅಂತ. ಎರಡು ಸಲ ಬೊಗಳಿದ ಮೇಲೆ ಹತ್ತಿರ ಹೋಗಿ, ಮೆಲ್ಲಗೆ "ಸಾಕು" ಅನ್ನಿ, ಚೂರು ಮೂಗಿಗೆ ಹಿಡಿಯಿರಿ. ಮೂಸುವುದು, ಬೊಗಳುವುದು ಎರಡೂ ಒಟ್ಟಿಗೆ ಆಗುವುದಿಲ್ಲ. ಸುಮ್ಮನಾದ ಮೇಲೆ ಮನಸ್ಸಿನಲ್ಲೇ 3 ಎಣಿಸಿ ಕೊಡಿ. ಮುಂದಿನ ವಾರ 5, ಆಮೇಲೆ 10, 20. ಮನೆಯವರೆಲ್ಲ ಇದೊಂದೇ ಮಾತು ಆಡಬೇಕು. ಅತ್ತೆ "ಹಚಾ", ಮಗ "ಶಟಪ್", ನೀವು "ಸಾಕು" ಅಂದರೆ ಪಾಪ, ಅದು ಯಾವುದನ್ನು ಕಲಿಯಬೇಕು?

ರಾತ್ರಿ 10ಕ್ಕೆ ಒಮ್ಮೆ ಹೊರಗೆ ಬಿಟ್ಟು ಬಂದು ಒಳಗೇ ಮಲಗಿಸಿ. ಓಣಿ ನಾಯಿಗಳ ಕೂಗಿಗೆ ಅಂಗಳದಲ್ಲಿ ಒಂಟಿಯಾಗಿರುವ ನಾಯಿ ಉತ್ತರ ಕೊಟ್ಟೇ ಕೊಡುತ್ತದೆ. ಫ್ಯಾನಿನ ಸದ್ದು ಇದ್ದರೆ ಇನ್ನೂ ಒಳ್ಳೆಯದು.

ಇನ್ನೊಂದು ಮಾತು ಹೇಳಲೇಬೇಕು. ಧಾರವಾಡ ಮಾಳಮಡ್ಡಿಯಲ್ಲಿ ನಾವಿದ್ದಾಗ ನಮ್ಮ ನಾಯಿ ಸುಮಾರು ಆರು ವರ್ಷ ಸುಮ್ನೆ ಇದ್ದದ್ದು ಒಮ್ಮೆಗೇ ಯಾರು ಹತ್ತಿರ ಬಂದರೂ ಬೊಗಳಲು ಶುರು ಮಾಡಿತು. ವಾರವಿಡೀ ಬೈದೆ. ಒಂದು ಸಂಜೆ ಕಟ್ಟೆ ಮೇಲೆ ಕೂತು ತಲೆ ಸವರುವಾಗ ಬಲಗಿವಿಗೆ ಕೈ ತಾಗಿ ಕುಂಯ್ ಅಂದಿತು. ಕಿವಿ ಮಡಚಿ ನೋಡಿದರೆ ಒಳಗೆಲ್ಲ ಕಂದು ಬಣ್ಣದ ಕೀವು, ಕೆಟ್ಟ ವಾಸನೆ. ನೋವಿನಲ್ಲಿದ್ದ ಜೀವಕ್ಕೆ ಬೈದೆನಲ್ಲ ಅಂತ ಇಂದಿಗೂ ಸಂಕಟ ಆಗುತ್ತದೆ. ನಾಯಿಯ ಸ್ವಭಾವ ದಿಢೀರ್ ಬದಲಾದರೆ ಪಾಠ ಆಮೇಲೆ, ಮೊದಲು ಪಶುವೈದ್ಯರು. ವಯಸ್ಸಾದ ನಾಯಿಗೆ ಕಿವಿ ಕೇಳದೇ, ಕಣ್ಣು ಕಾಣದೇ ಬೊಗಳುವುದೂ ಉಂಟು.

ಪಕ್ಕದ ಮನೆಯವರು ಮೂರನೇ ಸಲ ಬರುವ ಮುಂಚೆ ನೀವೇ ಹೋಗಿ. ಏನೇನು ಮಾಡುತ್ತಿದ್ದೀರಿ ಅಂತ ಹೇಳಿ, ಹುಡುಗಿಯ ಪರೀಕ್ಷೆ ಯಾವಾಗ ಅಂತ ಕೇಳಿ. ಗೋಡೆಯ ಕ್ಯಾಲೆಂಡರ್‌ನಲ್ಲಿ ದಿನಾ ಬಂಟಿ ಎಷ್ಟು ಸಲ, ಯಾವುದಕ್ಕೆ ಬೊಗಳಿದ ಅಂತ ಗುರುತು ಹಾಕಿ. ಒಂದೂವರೆ ತಿಂಗಳಾದ ಮೇಲೆ ಅದನ್ನು ನೋಡಿ ನನಗೆ ಮತ್ತೆ ಬರೆಯಿರಿ.

ಪ್ರಶ್ನೆ: ಗದಗಿನಲ್ಲಿದ್ದೇವೆ. ಒಂದು ವರ್ಷದ ಮುಧೋಳ ನಾಯಿ ಇದೆ. ನಾವಿಬ್ಬರೂ ಕೆಲಸಕ್ಕೆ ಹೋದರೆ ಸಾಕು, ಬೊಗಳಿ ಬೊಗಳಿ ಊಳಿಡುತ್ತದಂತೆ. ನಾವಿದ್ದಾಗ ಸದ್ದೇ ಇಲ್ಲ.

ಉತ್ತರ: ನೀವಿದ್ದಾಗ ಸದ್ದಿಲ್ಲ ಅಂದ ಮೇಲೆ ಅದು ಹಟವಲ್ಲ, ಒಂಟಿಯಾಗುವ ಹೆದರಿಕೆ. ಬೈದರೆ ಜಾಸ್ತಿಯಾಗುತ್ತದೆ. ರಜೆ ದಿನ ಚಪ್ಪಲಿ ಹಾಕಿ, ಕೀಲಿ ತೆಗೆದುಕೊಂಡು ಬಾಗಿಲ ಹೊರಗೆ ಅರ್ಧ ನಿಮಿಷ ನಿಂತು, ಅದು ಕೂಗುವ ಮುಂಚೆ ಒಳಗೆ ಬನ್ನಿ. ಹೋಗುವಾಗ, ಬರುವಾಗ ಮುದ್ದು ಬೇಡ. ಅರ್ಧ ನಿಮಿಷ 2 ಆಗಲಿ, 5 ಆಗಲಿ, 20 ಆಗಲಿ. ಅಲ್ಲಿಯವರೆಗೆ ಹಗಲು ಅಜ್ಜ ಅಜ್ಜಿ ಇರುವ ಮನೆಯಲ್ಲಿ ಬಿಡಲು ಆದರೆ ಬಿಡಿ.

ಮುಧೋಳ ನಾಯಿ ಓಡಿ ಬೇಟೆಯಾಡುವ ತಳಿ. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂತು. ಅದನ್ನು ಎರಡು ಕೋಣೆಯ ಮನೆಯಲ್ಲಿ ಇಟ್ಟು ಸಂಜೆ ಹತ್ತು ನಿಮಿಷ ಓಣಿ ಸುತ್ತಿಸಿದರೆ ಸಾಲದು. ಉದ್ದ ಹಗ್ಗ ಕಟ್ಟಿ ಬೆಳಿಗ್ಗೆ ಬಯಲಿಗೆ ಕರೆದುಕೊಂಡು ಹೋಗಿ ಓಡಿಸಿ, ಆಮೇಲೆ ಊಟ ಹಾಕಿ ಕೆಲಸಕ್ಕೆ ಹೊರಡಿ. ಓಡಿ ಬಂದ ತಕ್ಷಣ ಊಟ ಹಾಕಬೇಡಿ, ಒಂದು ಗಂಟೆಯಾದರೂ ಬಿಟ್ಟು ಹಾಕಿ. ನಾಲ್ಕು ವಾರ ಹೀಗೆ ಮಾಡಿಯೂ ಬಾಗಿಲು ಕೆರೆಯುವುದು, ಜೊಲ್ಲು ಸುರಿಸುವುದು ನಿಲ್ಲದಿದ್ದರೆ ಗದಗಿನಲ್ಲೇ ಪಶುವೈದ್ಯಕೀಯ ಕಾಲೇಜು ಇದೆಯಲ್ಲ, ಅಲ್ಲಿ ತೋರಿಸಿ.